ಬೀರಪ್ಪನ ಮಾಳದ ತೋಳಗಳಿಗೆ ಹೆಸರಿಟ್ಟವಳು

ಶಿವಕಾಂತಾಳ ಬಾಯಿಗೆ ಹೆದರದವರು ಕೋಳವಾಡಿಯಲ್ಲಿ ಇಬ್ಬರೇ. ಒಬ್ಬ ಬೀರಪ್ಪ, ಅವನು ದೇವರು, ಅವನ ಮಾತು ಬೇರೆ. ಇನ್ನೊಬ್ಬ ಅವಳ ಗಂಡ ಮಾಣಿಕಪ್ಪ. ಅವನಿಗೆ ಎಡಗಿವಿ ಕೇಳುವುದಿಲ್ಲ, ಹೆಂಡತಿ ಬೈಯುವ ಹೊತ್ತಿಗೆ ಬಲಗಿವಿಯೂ ಕೇಳುವುದಿಲ್ಲ. ಉಳಿದವರೆಲ್ಲ, ಸರಪಂಚನಿಂದ ಹಿಡಿದು ತುರೋರಿ ಹೆದ್ದಾರಿಯ ಢಾಬಾದವರ ತನಕ, ಆಕೆ ಬರುವುದು ಕಂಡರೆ ಮೀಸೆ ತಿರುವುವುದನ್ನು ಬಿಟ್ಟು ನೆಟ್ಟಗೆ ನಿಲ್ಲುತ್ತಾರೆ. ಇಂಥವಳನ್ನು ಗೇಣುದ್ದದ ಮೊಬೈಲೊಂದು ಹೇಗೆ ಗೋಳಾಡಿಸಿತು, ಆಕೆ ಅದನ್ನು ಹೇಗೆ ದಾರಿಗೆ ತಂದಳು ಎಂಬುದನ್ನು ಹೇಳದೆ ಬಿಟ್ಟರೆ ನನಗೆ ಅನ್ನ ಸೇರುವುದಿಲ್ಲ.

ಆಕೆ ಆಳಂದ ಕಡೆಯ ಹೆಣ್ಣು. ಹದಿನೆಂಟಕ್ಕೆ ಸೊಸೆಯಾಗಿ ಗಡಿ ದಾಟಿ ಉಮರ್ಗಾ ತಾಲೂಕಿಗೆ ಬಂದಳು. ಬಂದ ಮನೆ ಹಾಲುಮತದವರದು, ಮರಾಠಿಯವರ ಬಾಯಲ್ಲಿ ಧನಗರರು, ಕುರಿ ಕಾಯುವ ಕುಲ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ಮರಾಠಿ, ಕುರಿಯ ಜತೆ ಎರಡೂ ಅಲ್ಲದ ಇನ್ನೊಂದು. ಮಾಣಿಕಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಹಿಂಡಿನ ಮುಂದೆ ನಡೆಯುವವಳು ಅವಳೇ. ಊರ ಹಿಂದೆ ಮುನ್ನೂರು ಎಕರೆಯಷ್ಟು ಹುಲ್ಲಿನ ಏರು ಇದೆ, ನಡುವೆ ಒಂದು ಹಳ್ಳ, ತುದಿಯಲ್ಲಿ ಬೇವಿನ ಮರದ ಕೆಳಗೆ ಬೀರಪ್ಪನ ಕಲ್ಲು. ಅದೇ ಬೀರಪ್ಪನ ಮಾಳ. ಹನ್ನೊಂದು ಮನೆಯ ಕುರಿಗಳು ಅಲ್ಲೇ ಹುಟ್ಟಿ ಅಲ್ಲೇ ಮೇದು ಬೆಳೆದವು.

ಕಾಗದದಲ್ಲಿ ಮಾತ್ರ ಆ ಮಾಳಕ್ಕೆ ಬೇರೆಯೇ ಹೆಸರಿತ್ತು. ಪಾಳು ಜಮೀನು. ಮರ ಇಲ್ಲದ ಕಡೆ ಏನೂ ಇಲ್ಲ ಎಂದು ಯಾವ ಕಾಲದಲ್ಲಿ ಯಾರು ಬರೆದರೋ, ಬರೆದ ಪುಣ್ಯಾತ್ಮ ಒಮ್ಮೆ ಬಂದು ನಿಂತು ನೋಡಿದ್ದರೆ ಮಾತು ಬೇರೆ ಇತ್ತು. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಪಂಚಾಯತಿ ಗೋಡೆಗೆ ಒಂದು ನೋಟೀಸು ಅಂಟಿತು. ಊರಾಚೆಯ ಒಂದು ದೊಡ್ಡ ಕಂಪನಿಯ ನೆರವಿನಲ್ಲಿ ಮಾಳದ ತುಂಬ ಗುಂಡಿ ತೋಡಿ ಗಿಡ ನೆಡುವುದು, ಸುತ್ತ ತಂತಿ ಬಿಗಿಯುವುದು, ಏಳು ವರ್ಷ ದನ ಕುರಿ ಒಳಗೆ ಬಿಡದಿರುವುದು.

ಏಳು ವರ್ಷ. ಕುರಿ ಏಳು ದಿನ ಉಪವಾಸ ಇರುವುದಿಲ್ಲ. ತಂತಿ ಬಿತ್ತೆಂದರೆ ಹಿಂಡು ಮಾರುವುದೊಂದೇ ದಾರಿ ಎಂದು ಹನ್ನೊಂದು ಮನೆಯವರಿಗೂ ಗೊತ್ತಾಯಿತು. ಆದರೆ ಬಾಯಿ ತೆರೆಯುವುದು ಹೇಗೆ?

"ಗಿಡ ಹಚ್ತೀವಿ ಅನ್ನೋರಿಗಿ ಬ್ಯಾಡ ಅಂದ್ರ ನಾವೇ ಪಾಪಿ ಆಗ್ತೀವಿ," ಎಂದ ಮಾಣಿಕಪ್ಪ. "ಗಿಡ ಅಂದ್ರ ಪುಣ್ಯದ ಕೆಲಸ."

"ಪುಣ್ಯ ಮಾಡೋರು ತಮ್ಮ ಅಂಗಳದಾಗ ಮಾಡ್ಕೋಬೇಕು," ಎಂದಳು ಶಿವಕಾಂತಾ. "ನನ್ನ ಮಾಳದಾಗ ಯಾಕ?"

ಆ ದಿನಗಳಲ್ಲೇ ವೈಷ್ಣವಿ ಬಂದದ್ದು. ಉದಗೀರದ ಹುಡುಗಿ, ಮೂವತ್ತರ ಒಳಗೆ, ಹುಲ್ಲುಗಾವಲಿನ ಪ್ರಾಣಿಗಳ ಮೇಲೆ ಓದಿಕೊಂಡವಳು. ತಾಯಿಯ ಕಡೆಯಿಂದ ಕನ್ನಡ, ಅರ್ಧ ಹೇಳಿ ಅರ್ಧ ಮರಾಠಿಯಲ್ಲಿ ಮುಗಿಸುತ್ತಿದ್ದಳು. ಶಿವಕಾಂತಾಳನ್ನು ಮಾವ್ಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು. ಬೇವಿನ ಕೆಳಗೆ ಹನ್ನೊಂದು ಮನೆಯವರನ್ನು ಕೂಡಿಸಿ ಆಕೆ ಹೇಳಿದ್ದು ಇಷ್ಟು: ಮಾಳ ಖಾಲಿ ಇದೆ ಅಂತ ನಕಾಶೆ ಹೇಳುತ್ತದೆ, ಖಾಲಿ ಇಲ್ಲ ಅಂತ ಇನ್ನೊಂದು ನಕಾಶೆಯೇ ಹೇಳಬೇಕು. ತೋಳ, ಚಿಗರಿ ಎನ್ನುವ ಜಿಂಕೆ, ಕಿರುಬ, ನರಿ, ಏನು ಕಂಡರೂ ನಾನು ಕೊಡುವ ಮೊಬೈಲಿನಲ್ಲಿ ಆ ಜಾಗಕ್ಕೇ ಒಂದು ಚುಕ್ಕಿ ಒತ್ತಿ, ಎಷ್ಟು ಕಂಡವು ಅಂತ ಬರೆಯಿರಿ. ತೋಳ ಮರಿ ಹಾಕುವ ಹುಲ್ಲುಗಾವಲನ್ನು ಅಗೆಯುವುದು ಅಷ್ಟು ಸುಲಭವಲ್ಲ, ಅರಣ್ಯ ಇಲಾಖೆಯ ಸಾಹೇಬರು ಕೂತು ಕೇಳಲೇಬೇಕಾಗುತ್ತದೆ.

ಶಿವಕಾಂತಾ ನಕ್ಕಳು. ವರ್ಷಕ್ಕೆ ಎರಡು ಮೂರು ಮರಿ ಎತ್ತಿಕೊಂಡು ಹೋಗುವ ತೋಳ, ಮೂವತ್ತೇಳು ವರ್ಷದಿಂದ ತಾನು ಬೈದ ತೋಳ, ಈಗ ತನ್ನ ಪರವಾಗಿ ಸಾಕ್ಷಿ ಹೇಳಬೇಕಂತೆ. "ಕಳ್ಳನ ಕೈಯಾಗ ಕೀಲಿ ಕೊಟ್ಟಂಗಾತು," ಎಂದಳು. ಆದರೂ ಮೊಬೈಲನ್ನು ಮೊದಲು ಇಸಿದುಕೊಂಡವಳು ಅವಳೇ. ಅವಳು ಹಿಡಿದ ಮೇಲೆ ಉಳಿದವರು ಬೇಡ ಅನ್ನುವುದುಂಟೇ?

ನಾಲ್ಕು ತಿಂಗಳು ಹನ್ನೊಂದು ಮನೆಯವರು ಚುಕ್ಕಿ ಒತ್ತಿದರು. ಹಳ್ಳದ ಯಾವ ದಂಡೆಯಲ್ಲಿ ತೋಳ ಬಿಲ ತೋಡುತ್ತದೆ, ಚಿಗರಿ ಯಾವ ಹುಲ್ಲಿನಲ್ಲಿ ಮರಿ ಮಲಗಿಸಿ ಹೋಗುತ್ತದೆ, ಬೇಸಿಗೆಯಲ್ಲಿ ಕೊನೆಗೆ ನೀರು ಉಳಿಯುವ ಹೊಂಡ ಯಾವುದು, ಎಲ್ಲ ಬಂತು. ವೈಷ್ಣವಿಯ ಪರದೆಯ ಮೇಲೆ ಮಾಳಕ್ಕೆ ಸಿಡುಬು ಎದ್ದಂತೆ ಕಾಣುತ್ತಿತ್ತು. ಅವಳ ಖುಷಿಗೆ ಪಾರವಿಲ್ಲ. ಎಲ್ಲವನ್ನೂ ಕಟ್ಟಿ ಇಲಾಖೆಯ ಮೇಲಿನ ಕಚೇರಿಗೆ ಕಳಿಸಿದಳು.

ಹದಿನೈದು ದಿನಕ್ಕೆ ಉತ್ತರ ಬಂತು. ಆರುನೂರಕ್ಕೂ ಮಿಕ್ಕಿ ದಾಖಲೆ ಇವೆ, ಪ್ರತಿ ದಾಖಲೆಯಲ್ಲೂ ಪ್ರಾಣಿಯ ಸಂಖ್ಯೆ ಒಂದು ಎಂದೇ ಇದೆ. ತೋಳ ಗುಂಪಿನಲ್ಲಿರುವ ಪ್ರಾಣಿ, ಚಿಗರಿ ಹಿಂಡಿನಲ್ಲಿರುವ ಪ್ರಾಣಿ. ಇದನ್ನು ಕೂತಲ್ಲೇ ತುಂಬಿದಂತಿದೆ, ನಂಬಲರ್ಹವಲ್ಲ.

ವೈಷ್ಣವಿ ಕಾಗದ ಹಿಡಿದು ಹಟ್ಟಿಗೇ ಓಡಿ ಬಂದಳು. ಮುಖ ಸುಟ್ಟ ಬದನೆಕಾಯಿಯಾಗಿತ್ತು.

"ಮಾವ್ಶಿ, ಎಲ್ಲಾ ಕಡಿ ಒಂದು ಒಂದು ಅಂತ ಯಾಕ ಬರದೀರಿ? ನಾ ನಿಮ್ಮ ಜೋಡಿ ಇದ್ದಾಗೇ ಒಂದ್ಸಲ ನಾಲ್ಕು ತೋಳ ಕಂಡಿದ್ವು."

"ಕಂಡಿದ್ವು."

"ಮತ್ತ?"

"ಎಣಸಬಾರ್ದವ್ವಾ," ಎಂದಳು ಶಿವಕಾಂತಾ, ಮಗುವಿಗೆ ಬೆಂಕಿ ಸುಡುತ್ತದೆ ಎಂದು ಹೇಳುವ ಹಾಗೆ. "ಜೀವ ಇದ್ದದ್ದು ಎಣಸಬಾರ್ದು. ಬೀರಪ್ಪ ಕೊಟ್ಟದ್ದು ಲೆಕ್ಕ ಹಾಕಿದ್ರ ಅಷ್ಟಕ್ಕೇ ನಿಲ್ತದ, ಮುಂದ ಬೆಳೆಯಂಗಿಲ್ಲ. ನಮ್ಮ ಕುರಿನೇ ನಾವು ಎಣಸಂಗಿಲ್ಲ. ಆ ಮೊಬೈಲಿನಾಗ ಏನರೆ ಒಂದು ಹಾಕದಿದ್ರ ಮುಂದಕ್ಕ ಹೋಗಂಗಿಲ್ಲ ಅಂತದ. ಹಂಗಂತ ಒಂದು ಹಾಕಿದ್ವಿ. ಒಂದು ಅಂದ್ರ ಎಣಿಸಿದಂಗಲ್ಲ."

ಹನ್ನೊಂದು ಮನೆಯವರೂ ಹಾಗೆಯೇ ಮಾಡಿದ್ದರು. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಬಾಗಿಲಿಗೆ ಬಂದ ತಹಶೀಲದಾರನಿಗೂ ಕುರಿಯ ಲೆಕ್ಕ ಕೊಡದ ಕುಲ ಅದು.

ವೈಷ್ಣವಿಗೆ ಸಿಟ್ಟು ನೆತ್ತಿಗೇರಿತು. "ಇಷ್ಟು ದಿನ ಹೇಳಬೇಕಿತ್ತಲ್ಲ. ನಾಲ್ಕು ತಿಂಗಳ ಕೆಲಸ ನೀರಾಗ ಹೋಯ್ತು. ನಾಳೆ ಜೇಸೀಬಿ ಬಂದ್ರ ನಿಮ್ಮ ಈ ನೇಮ ಬಂದು ಅಡ್ಡ ನಿಲ್ತದೇನು?"

"ನೀ ಕೇಳಿದೇನು? ನೀನೂ ಕೇಳಿಲ್ಲ, ನಾನೂ ಹೇಳಿಲ್ಲ," ಎಂದಳು ಶಿವಕಾಂತಾ. ಸ್ವರ ಏರಿತು. "ನೇಮ ಮುರದು ಮಾಳ ಉಳಿಸ್ಕೊಂಡ್ರ, ಆ ಮಾಳದಾಗ ಮೇಯ್ಸೂದು ಏನ?"

ಹೀಗೆ ಇಬ್ಬರೂ ಮುಖ ತಿರುಗಿಸಿ ಕೂತರು. ಮಾಣಿಕಪ್ಪ ಚಹಾ ತಂದಿಟ್ಟು ಎರಡೂ ಕಿವಿ ಕೇಳದವನ ಹಾಗೆ ಹೊರಟುಹೋದ. ಶಿವಕಾಂತಾ ಒಳಗೊಳಗೇ ಅಂದುಕೊಂಡಳು. ಮಾಳ ಹೋದರೆ ಅದು ತನ್ನ ಬೆರಳಿನಿಂದಲೇ ಹೋದಂತೆ, ಒಂದು ಎಂದು ಒತ್ತಿದ ಬೆರಳಿನಿಂದ.

ಹೊತ್ತು ಮುಳುಗುವ ಮುಂಚೆ ಕುರಿ ಹಟ್ಟಿಗೆ ಬಂದವು. ಮುಳ್ಳಿನ ಬೇಲಿಯ ಬಾಯಿಗೆ ಶಿವಕಾಂತಾ ನಿಂತಳು. ಕುರಿಗಳು ಒಂದರ ಮೈಗೊಂದು ತಿಕ್ಕಿಕೊಂಡು ಒಳಗೆ ನುಗ್ಗಿದವು, ಎಣಿಸುತ್ತೇನೆ ಎಂದು ಯಾರಾದರೂ ಹಟ ಹಿಡಿದರೂ ಎಣಿಸಲಾಗದ ಹಾಗೆ. ಕೊನೆಯದು ದಾಟಿದರೂ ಆಕೆ ಬೇಲಿ ಎಳೆಯಲಿಲ್ಲ.

"ಬೆಳ್ಳಿ ಬಂದಿಲ್ಲ," ಎಂದಳು. "ಬೆಳ್ಳಿ ಮಗಳೂ ಬಂದಿಲ್ಲ. ತಾಯಿ ಮಗಳು ಹೊಂಡದ ಹತ್ರ ನಿಂತಾರ ನೋಡು, ಲಗೂ ಹೋಗು." ಯಾರೋ ಓಡಿದರು. ಸ್ವಲ್ಪ ಹೊತ್ತಿಗೆ ಎರಡು ಕುರಿ ಬಂದವು, ಒಂದು ದೊಡ್ಡದು, ಒಂದು ಸಣ್ಣದು.

ವೈಷ್ಣವಿ ಚಹಾದ ಲೋಟ ಕೆಳಗಿಟ್ಟಳು. "ಮಾವ್ಶಿ, ಎಣಿಸದೆ ಹ್ಯಾಂಗ ತಿಳೀತು?"

"ಮಾರಿ ಕಾಣಲಿಲ್ಲ," ಎಂದಳು ಶಿವಕಾಂತಾ, ಮುಖಕ್ಕೆ ಅವರ ಕಡೆಯ ಮಾತು ಅದು. "ಮನಿ ಮಂದಿ ಉಣ್ಣಾಕ ಕೂತಾಗ ಎಣಸಿ ನೀಡ್ತೀಯೇನು? ಯಾರು ಬಂದಿಲ್ಲ ಅಂತ ಗೊತ್ತಾಗ್ತದಿಲ್ಲ?"

ಹುಡುಗಿ ಎದ್ದು ಬೇಲಿಯ ಹತ್ತಿರ ಬಂದಳು. ಆಮೇಲೆ ಮೆಲ್ಲಗೆ, ಹೆದರುತ್ತ ಹೆದರುತ್ತ ಕೇಳಿದಳು. "ತೋಳದ ಮಾರಿನೂ ಹಂಗೇ ಗೊತ್ತದೇನು?"

ಶಿವಕಾಂತಾಳಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಗೊತ್ತಿಲ್ದ ಹ್ಯಾಂಗ? ಕುರಿಗಿಂತ ಜಾಸ್ತಿ ಅವನ್ನೇ ನೋಡಬೇಕಾಗ್ತದ. ಮುಂದ ನಡೆಯೋಳು ಅತ್ತಿ, ಎಲ್ಲರನ್ನ ಗದರಸ್ಕೋತ ಹೋಗ್ತಾಳ. ಆಕಿ ಜೋಡಿ ಹರಕಿವಿ. ಹಿಂದಿನ ಎಡಗಾಲು ಎಳಿಯಾಂವಾ ಕುಂಟ. ಇನ್ನ ಅಳಿಯ ಅಂತ ಒಬ್ಬ ಇದ್ದಾನ. ಬ್ಯಾಟಿಗಿ ಎಲ್ಲರಕಿಂತ ಹಿಂದ, ಊಟಕ್ಕ ಎಲ್ಲರಕಿಂತ ಮುಂದ."

ವೈಷ್ಣವಿ ನಗತೊಡಗಿದಳು, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಒಂದೊಂದು ತೋಳವನ್ನೂ ಬೇರೆ ಬೇರೆ ಗುರುತಿಸುವುದಕ್ಕೆ ದೊಡ್ಡ ದೊಡ್ಡ ಓದಿನವರು ವರ್ಷಗಟ್ಟಲೆ ತಿಣುಕುತ್ತಾರೆ. ಇಲ್ಲಿ ಒಬ್ಬಳು ಅವುಗಳ ನಂಟಸ್ತಿಕೆಯನ್ನೇ ಕಟ್ಟಿಟ್ಟಿದ್ದಾಳೆ. ಎಣಿಕೆ ಯಾರಿಗೆ ಬೇಕು?

ಮರುದಿನದಿಂದ ಕೆಲಸದ ರೀತಿ ಬದಲಾಯಿತು. ಗುಂಪಿಗೊಂದು ಚುಕ್ಕಿ ಅಲ್ಲ, ಮುಖಕ್ಕೊಂದು ಚುಕ್ಕಿ. ಸಂಖ್ಯೆಯ ಜಾಗದಲ್ಲಿ ಒಂದು ಎಂದೇ ಇರಲಿ, ಪಕ್ಕದಲ್ಲಿ ಹೆಸರು. ನಾಲ್ಕು ತೋಳ ಕಂಡರೆ ನಾಲ್ಕು ಹೆಸರು, ನಾಲ್ಕು ಚುಕ್ಕಿ. ಹೆಸರು ಕರೆಯುವುದಕ್ಕೆ ಬೀರಪ್ಪನ ಅಡ್ಡಿ ಇಲ್ಲ, ಹೆಸರಿಟ್ಟವರನ್ನು ಯಾವ ದೇವರು ಬೈದಾನು. ಖಂಡೆಪ್ಪನೆಂಬ ಮುದುಕ ಚಿಗರಿ ಗಂಡುಗಳಿಗೆಲ್ಲ ಕೊಂಬಿನ ಸುರುಳಿ ನೋಡಿ ಹೆಸರಿಟ್ಟ. ಅನುಸೂಯಾ ಎಂಬವಳು ಕಿರುಬಕ್ಕೆ ತನ್ನ ನಾದಿನಿಯ ಹೆಸರಿಟ್ಟು ಮನೆಯಲ್ಲಿ ಎರಡು ದಿನ ಮಾತಿಲ್ಲದಂತೆ ಮಾಡಿಕೊಂಡಳು. ವೈಷ್ಣವಿ ಮಾಳದ ಆರು ಕಡೆ ಕಂಬಕ್ಕೆ ಕ್ಯಾಮೆರಾ ಪೆಟ್ಟಿಗೆ ಕಟ್ಟಿದಳು, ಎದುರಿಗೆ ಏನೇ ದಾಟಿದರೂ ತಾನಾಗಿ ಫೋಟೋ ತೆಗೆಯುವಂಥವು. ಕುರುಬರು ಹೇಳಿದ್ದಕ್ಕೆ ಯಂತ್ರದ ಸಾಕ್ಷಿಯೂ ಇರಲಿ ಎಂದು. ಬೀಗ ಹಾಕಿ ಕೀಲಿಗಳನ್ನು ಕಚೇರಿಗೇ ಒಪ್ಪಿಸಿದಳು, ನಾಳೆ ಯಾರೂ ಬೆರಳು ತೋರಿಸಬಾರದು ನೋಡಿ. ಒಟ್ಟು ತೋಳ ಎಷ್ಟು ಎಂದು ಆಕೆ ಲೆಕ್ಕ ಹಾಕಿಕೊಂಡಳಂತೆ, ಆದರೆ ಶಿವಕಾಂತಾಳ ಎದುರಿಗೆ ಬಾಯಿ ಬಿಡಲಿಲ್ಲ.

ಎರಡೂವರೆ ತಿಂಗಳಾಗಿತ್ತು. ಒಂದು ಬೆಳಿಗ್ಗೆ ಮಾಳದ ಬುಡಕ್ಕೆ ಜೇಸೀಬಿ ಬಂದು ನಿಂತಿತು, ಅದರ ಹಿಂದೆ ತಂತಿಯ ಸುರುಳಿ ಹೊತ್ತ ಟ್ರ್ಯಾಕ್ಟರು. ಅವತ್ತೇ ಮೇಲಿನ ಸಾಹೇಬರೂ ಬಂದರು. ಧೀರಜ ಎಂದು ಹೆಸರು, ನಲವತ್ತೈದರ ವಯಸ್ಸು, ಮಾತು ಕಡಿಮೆ. ವೈಷ್ಣವಿ ಮೂರು ಸಲ ಬರೆದ ಮೇಲೆ, ಗ್ರಾಮಸಭೆ ಒಂದು ಸಲ ಠರಾವು ಮಾಡಿದ ಮೇಲೆ, ಕಣ್ಣಾರೆ ನೋಡಿಯೇ ತೀರ್ಮಾನ ಹೇಳುತ್ತೇನೆಂದು ಬಂದವರು. ನ್ಯಾಯ ಅಂದರೆ ನ್ಯಾಯ, ಅವರು ಕೆಟ್ಟ ಮನುಷ್ಯರಲ್ಲ. ನಂಬಿಕೆ ಬಾರದ ಮನುಷ್ಯರು, ಅಷ್ಟೇ.

ಬೇವಿನ ಕೆಳಗೆ ಮೇಜು ಬಂತು, ಲ್ಯಾಪ್‌ಟಾಪು ಬಂತು. ಸಾಹೇಬರು ಹೆಸರಿನ ಪಟ್ಟಿ ಓದಿದರು. ಅತ್ತಿ, ಹರಕಿವಿ, ಕುಂಟ, ಅಳಿಯ. ಹಿಂದೆ ನಿಂತ ಇಬ್ಬರು ಗಾರ್ಡುಗಳು ಕಿಸಕ್ಕನೆ ನಕ್ಕರು.

"ಬಾಯಿ," ಎಂದರು ಸಾಹೇಬರು ಮರಾಠಿಯಲ್ಲಿ, ನಾವು ಅಮ್ಮಾ ಅನ್ನುವ ಹಾಗೆ, "ಮೊದಲು ಆರುನೂರು ದಾಖಲೆ ಕಳಿಸಿದಿರಿ, ಎಲ್ಲ ಒಂದು. ಈಗ ಹೆಸರು ಕಳಿಸಿದ್ದೀರಿ. ಹೆಸರು ಯಾರು ಬೇಕಾದರೂ ಇಡಬಹುದು. ಅದನ್ನು ನಂಬಿ ನಾನು ಮಂಜೂರಾದ ಕೆಲಸ ನಿಲ್ಲಿಸಬೇಕೆ?"

"ನಂಬಬ್ಯಾಡ್ರಿ," ಎಂದಳು ಶಿವಕಾಂತಾ. ಅವಳ ಮರಾಠಿ ಕನ್ನಡದ ಸೆರಗು ಹಿಡಿದೇ ನಡೆಯುವಂಥದ್ದು. "ಕೇಳ್ರಿ."

ಗಾರ್ಡುಗಳು ಆರೂ ಪೆಟ್ಟಿಗೆಯ ಬೀಗ ತೆಗೆದು ಒಳಗಿನ ಫೋಟೋ ಚಿಪ್ಪು ತಂದುಕೊಟ್ಟಿದ್ದರು. ಆ ಫೋಟೋಗಳನ್ನು ವೈಷ್ಣವಿಯೂ ನೋಡಿರಲಿಲ್ಲ, ಶಿವಕಾಂತಾಳಂತೂ ದೂರದ ಮಾತು. ಸಾಹೇಬರು ತಾರೀಖು, ಜಾಗ ಬರೆದ ಅಂಚನ್ನು ಕೈಯಿಂದ ಮುಚ್ಚಿ ಮೊದಲನೆಯದನ್ನು ತೋರಿಸಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿದಳು. ಕೆಳಗೆ ಜೇಸೀಬಿಯವನು ಇಂಜಿನು ಆರಿಸಿರಲಿಲ್ಲ.

"ಹರಕಿವಿ. ಇದು ಹಳ್ಳದ ಮ್ಯಾಲಿನ ದಂಡಿ. ಹಿಂದಿರೂದು ಬಾರಿ ಹಣ್ಣಿನ ಕಂಟಿ."

ಸಾಹೇಬರು ಕೈ ಸರಿಸಿ ನೋಡಿದರು. ಜಾಗ ಹಳ್ಳದ ಮೇಲಿನ ದಂಡೆಯೇ. ಆ ವಾರ ಅದೇ ದಂಡೆಗೆ ಹರಕಿವಿಯ ಚುಕ್ಕಿ ಒತ್ತಿದ್ದನ್ನು ವೈಷ್ಣವಿ ತೋರಿಸಿದಳು. ಎರಡನೆಯದು ಬಂತು, ಮೂರನೆಯದು ಬಂತು. ಅತ್ತಿ, ಹೊಂಡದ ಹತ್ತಿರ. ಕುಂಟ, ಕಲ್ಲುಗುಡ್ಡೆಯ ಕೆಳಗೆ. ಒಂದು ಫೋಟೋದಲ್ಲಿ ಬರೀ ಬೆನ್ನು ಮತ್ತು ಬಾಲ ಇತ್ತು, ತಲೆಯೇ ಇಲ್ಲ. ಗಾರ್ಡೊಬ್ಬ ಈಗ ಸಿಕ್ಕಿಬಿದ್ದಳು ಎಂಬಂತೆ ಮುಂದೆ ಬಂದ.

"ಅಳಿಯ," ಎಂದಳು. "ಬೆನ್ನಿನ ಕರಿ ಪಟ್ಟಿ ಬಾಲದ ಹತ್ರ ತುಂಡಾಗ್ಯದ ನೋಡ್ರಿ. ಮೈ ನೋಡ್ರಿ ಎಷ್ಟ್ ಬೆಳಿಸ್ಯಾನ, ಕೂತು ಉಂಡದ್ದು."

ಸಾಹೇಬರು ಪಟ್ಟಿ ತಿರುವಿದರು. ಅಳಿಯ ಎಂಬ ಹೆಸರಿನ ಎದುರಿಗೆ, ತಿಂಗಳ ಹಿಂದೆಯೇ, ಬೆನ್ನಿನ ಪಟ್ಟಿ ತುಂಡು ಎಂದು ಬರೆದಿತ್ತು. ಗಾರ್ಡು ಹಿಂದೆ ಸರಿದ.

ಇಪ್ಪತ್ತಕ್ಕೂ ಹೆಚ್ಚು ಫೋಟೋ ಹೀಗೆ ಸರಿದವು, ಒಂದೂ ತಪ್ಪಲಿಲ್ಲ. ಆಮೇಲೆ ಇನ್ನೊಂದು ಬಂತು. ಹುಲ್ಲಿನ ನಡುವೆ ಒಂದು ತೋಳ ನಿಂತಿದೆ, ಮುಖ ನೇರವಾಗಿ ಇತ್ತಲೇ. ಇಷ್ಟು ಚೊಕ್ಕ ಫೋಟೋ ಅಷ್ಟರಲ್ಲಿ ಒಂದೂ ಬಂದಿರಲಿಲ್ಲ. ಶಿವಕಾಂತಾ ನೋಡಿದಳು. ಹತ್ತಿರ ಹೋಗಿ ನೋಡಿದಳು, ಹಿಂದೆ ಸರಿದು ನೋಡಿದಳು.

"ಹೇಳಿ ಬಾಯಿ. ಇದು ಯಾರು?"

ಏನಾದರೊಂದು ಹೆಸರು ಹೇಳಿಬಿಡು ಮಾವ್ಶಿ, ಹರಕಿವಿ ಅನ್ನು, ಯಾರಾದರೊಬ್ಬರನ್ನು ಅನ್ನು ಎಂದು ವೈಷ್ಣವಿ ಮನಸ್ಸಿನಲ್ಲೇ ಬೇಡಿಕೊಂಡಳು. ಹನ್ನೊಂದು ಮನೆಯವರೂ ಮೇಜಿನತ್ತ ಒತ್ತಿಕೊಂಡು ಬಂದರು. ಮಾಣಿಕಪ್ಪ ಕೋಲು ಊರಿಕೊಂಡು ಎದ್ದು ನಿಂತ.

ಒಂದು ಹೆಸರು ಹೇಳಿದರೆ ಆದೀತು ಎಂದು ಶಿವಕಾಂತಾಳಿಗೂ ಅನ್ನಿಸದೆ ಇರಲಿಲ್ಲ. ಮಾಳ ಇನ್ನೇನು ಉಳಿಯಿತು ಎಂಬಲ್ಲಿಗೆ ಬಂದು ನಿಂತಿದೆ, ಗೊತ್ತಿಲ್ಲ ಎಂದರೆ ಇಷ್ಟು ಹೊತ್ತು ಹೇಳಿದ್ದೂ ನೀರಾದೀತು. ಆದರೆ ಕಂಡವರ ಮಗುವನ್ನು ತನ್ನದು ಎನ್ನುವ ಬಾಯಿ ಅಲ್ಲ ಅದು.

"ಇದು ಯಾರೋ ನನಗ ಗೊತ್ತಿಲ್ಲರೀ," ಎಂದಳು. "ಈ ಮಾರಿ ನಾ ಒಂದ್ ದಿನಾನೂ ನೋಡಿಲ್ಲ. ಮತ್ತ ಈ ಹುಲ್ಲೂ ನಮ್ಮದಲ್ಲ. ನಮ್ಮ ಮಾಳದಾಗ ಇಂಥ ತೆನಿ ಹುಲ್ಲು ಎಲ್ಲೂ ಬೆಳೆಯಂಗಿಲ್ಲ. ಮಣ್ಣು ನೋಡ್ರಿ, ಕೆಂಪದ. ನಮ್ಮದು ಕರಿ ಮಣ್ಣು. ಇದು ಬ್ಯಾರೆ ಊರಿಂದು."

"ಈಗ ತಂದ ಚಿಪ್ಪಿನ ಜತೆಯೇ ಇದೆ. ಇನ್ನೊಮ್ಮೆ ನೋಡಿ."

"ಹತ್ತ್ ಸಲ ನೋಡಿದ್ರೂ ನಮ್ಮದಲ್ಲ. ನೀವು ಬೇಕಂದ್ರ ಜೇಸೀಬಿ ಹೊಡೀರಿ. ನಾ ಸುಳ್ಳು ಹೇಳಂಗಿಲ್ಲ."

ಧೀರಜ ಸಾಹೇಬರು ಲ್ಯಾಪ್‌ಟಾಪು ಮುಚ್ಚಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಹಿಂದಿನ ಪೋಸ್ಟಿಂಗಿನ ಫೋಟೋ ಅದು. ಇಲ್ಲಿಂದ ನಾನೂರು ಕಿಲೋಮೀಟರ್. ನಾನೇ ನಡುವೆ ಸೇರಿಸಿದ್ದೆ," ಎಂದರು. "ಇಲಾಖೆಗೆ ಸೇರಿ ಇಪ್ಪತ್ತು ವರ್ಷವಾಯಿತು. ನನ್ನ ಕೈಕೆಳಗಿನ ಒಂದು ಕಾಡಿನ ಒಂದು ಪ್ರಾಣಿಯ ಮುಖವೂ ನನಗೆ ಹೀಗೆ ಗೊತ್ತಿಲ್ಲ."

ಆಮೇಲೆ ಅವರು ಮೇಜಿನ ಮೇಲಿದ್ದ ಹಳೆಯ ನಕಾಶೆಯನ್ನು ಎಳೆದುಕೊಂಡು, ಪಾಳು ಜಮೀನು ಎಂದಿದ್ದ ಕಡೆ ಉದ್ದಕ್ಕೆ ಗೀರು ಎಳೆದರು. ಅದರ ಮೇಲೆ ತಮ್ಮ ಕೈಯಿಂದಲೇ ಬರೆದರು: ಹುಲ್ಲುಗಾವಲು, ತೋಳದ ನೆಲೆ, ಅಗೆಯತಕ್ಕದ್ದಲ್ಲ, ಮೇವಿಗೆ ಮುಕ್ತ. ಗಿಡಗಳು ಹೆದ್ದಾರಿಯ ಇಕ್ಕೆಲಕ್ಕೆ ಹೋಗಲಿ, ಮೇಲಿನ ಒಪ್ಪಿಗೆ ತರುವ ಹೊಣೆ ನನ್ನದು ಎಂದು ಸಹಿ ಮಾಡಿ, ಕೆಳಗೆ ನಿಂತವನಿಗೆ ಕೈ ಬೀಸಿದರು. ಜೇಸೀಬಿ ತನ್ನ ಬಕೀಟನ್ನು ಎತ್ತಿಕೊಂಡು ಒಂದು ಹಿಡಿ ಮಣ್ಣನ್ನೂ ಮುಟ್ಟದೆ ಬಂದ ದಾರಿ ಹಿಡಿಯಿತು. ತಂತಿಯ ಟ್ರ್ಯಾಕ್ಟರು ಅದರ ಹಿಂದೆ ಹೋಯಿತು. ಖಂಡೆಪ್ಪ ಬೀರಪ್ಪನ ಕಲ್ಲಿನಿಂದ ಭಂಡಾರದ ಅರಿಸಿನ ತಂದು ಎಲ್ಲರ ಹಣೆಗೂ ಬಳಿದ, ಮೊದಲು ನಕ್ಕ ಗಾರ್ಡುಗಳನ್ನೂ ಬಿಡಲಿಲ್ಲ. ಅವರು ತಲೆ ಬಗ್ಗಿಸಿ ಹಚ್ಚಿಸಿಕೊಂಡರು.

ಹೊರಡುವ ಮುಂಚೆ ಸಾಹೇಬರು ಶಿವಕಾಂತಾಳ ಎದುರಿಗೆ ನಿಂತರು. "ನಿಲಂಗಾದಲ್ಲಿ, ಉದಗೀರದಲ್ಲಿ ಇಂಥವೇ ಮಾಳಗಳಿವೆ. ಅವೂ ಕಾಗದದಲ್ಲಿ ಪಾಳು. ನೀವು ಬಂದು ಒಮ್ಮೆ ನೋಡಿ ಹೇಳಬೇಕು ಬಾಯಿ."

"ನಾ ನೋಡಿದ್ರ ಏನ್ ತಿಳೀತದರೀ?" ಎಂದಳು ಆಕೆ. "ಅಲ್ಲಿ ಮಾರಿ ಅಲ್ಲಿ ಕುರಿಯೋರಿಗಿ ಗೊತ್ತಿರ್ತದ. ಅವರಿಗಿ ಕೇಳ್ರಿ. ಹ್ಯಾಂಗ ಕೇಳಬೇಕು ಅನ್ನೂದು ಬೇಕಾದ್ರ ಬಂದು ಕಲಿಸಿ ಹೋಗ್ತೀನಿ."

ಮಧ್ಯಾಹ್ನ ತಿರುಗಿದ ಮೇಲೆ ಹನ್ನೊಂದು ಮನೆಯ ಕುರಿಗಳೂ ಒಟ್ಟಿಗೆ ಮಾಳ ಹತ್ತಿದವು. ಯಾರೂ ಹೀಗೆ ಮಾಡೋಣ ಅಂದದ್ದಲ್ಲ, ಎಲ್ಲರಿಗೂ ಹಾಗೇ ಅನ್ನಿಸಿತು. ಶಿವಕಾಂತಾ ಏರಿನ ಮೇಲೆ ನಿಂತು ನೋಡುತ್ತಿದ್ದಳು, ನೋಡುತ್ತಲೇ ಅಳತೊಡಗಿದಳು, ಮುಚ್ಚಿಕೊಳ್ಳದೆ, ಎಲ್ಲರ ಎದುರಿಗೇ. ಆಕೆ ಅತ್ತದ್ದನ್ನು ಕೋಳವಾಡಿ ಅವತ್ತೇ ಮೊದಲು ನೋಡಿದ್ದು.

ಮಾಣಿಕಪ್ಪ ಕುಂಟುತ್ತ ಹತ್ತಿರ ಬಂದ. "ಮಾಳ ಉಳೀತಲ್ಲ, ಇನ್ನ ಯಾಕ ಅಳ್ತಿ?"

"ಮೂವತ್ತೇಳು ವರ್ಷ ಆಯ್ತು ಈ ಮಾಳದಾಗ ಅಡ್ಡಾಡಲಿಕ್ಕ," ಎಂದಳು ಶಿವಕಾಂತಾ. "ಇಲ್ಲಿ ಏನದ ಅಂತ ನನಗ ಯಾರರೆ ಕೇಳಿದ್ದು ಇದೇ ಮೊದಲು."